ಕಿಲೋಮೀಟರಿಗೆ ನಾಲ್ಕು ನಿಮಿಷ

ಸಾರ್ ಹೋಗಿಬಿಟ್ಟರು, ಹನ್ನೊಂದು ಗಂಟೆಗೆ ಎತ್ತುತ್ತಾರೆ ಎಂದು ಫೋನು ಬಂದಾಗ ನಾನು ಕುಣಿಗಲ್ಲಿನಲ್ಲಿದ್ದೆ. ಆಫೀಸಿನ ಕೆಲಸಕ್ಕೆಂದು ಬಂದಿದ್ದವಳು, ಕೈಯಲ್ಲಿದ್ದ ಫೈಲನ್ನು ಅಲ್ಲಿನ ಗುಮಾಸ್ತರ ಮೇಜಿನ ಮೇಲೆ ಇಟ್ಟು ಓಡಿಬಂದು ತುಮಕೂರಿನ ಬಸ್ಸು ಹತ್ತಿದೆ. ಆಗ ಒಂಬತ್ತು ಐವತ್ತೈದು. ನಲವತ್ತು ಕಿಲೋಮೀಟರು, ನಡುವೆ ಹೆಬ್ಬೂರಿನ ಸ್ಟಾಪು, ಊರು ಸೇರಿದ ಮೇಲೆ ಉಪ್ಪಾರಹಳ್ಳಿಗೆ ಆಟೋ. ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ತಡವಾಗುತ್ತದೆ. ಈ ಲೆಕ್ಕ ಹಾಕುವ ಚಾಳಿ ನನಗೆ ಹತ್ತಿಸಿದವರೇ ಅವರು. ಅವರ ಮುಖವನ್ನು ಕೊನೆಯ ಸಲ ನೋಡುವುದಕ್ಕೂ ತಡವಾಗಿ ಹೋಗುತ್ತಿದ್ದೇನಲ್ಲ ಎಂದು ಅಳು ಬಂತು. ಪಕ್ಕದ ಸೀಟಿನ ಹೆಂಗಸು ತಮ್ಮ ನೀರಿನ ಬಾಟಲಿ ಮುಂದೆ ಹಿಡಿದರು.

ಅವರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಗೂಡಿನಂಥ ಕೋಣೆಯಲ್ಲಿ ಕೂತು ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುವ ಕೆಲಸ. ರಿಟೈರಾದ ಮೇಲೂ "ಸುಮಾರು" ಎಂಬ ಮಾತು ಅವರ ಬಾಯಿಗೆ ಬರಲಿಲ್ಲ. ಗಂಟೆ ಎಷ್ಟು ಎಂದು ಕೇಳಿದರೆ ಏಳು ಹದಿಮೂರು ಎನ್ನುತ್ತಿದ್ದರು. ಏಳೂಕಾಲು ಅಂದರೆ ನಿಮ್ಮ ಗಂಟೇನು ಹೋಗುತ್ತೆ ಸಾರ್ ಎಂದು ನಾನು ರೇಗಿಸಿದರೆ, "ಎರಡು ನಿಮಿಷ ಅಂದ್ರೆ ಒಂದು ಬಸ್ಸು ಬಂದು ಜನ ಹತ್ತುಸ್ಕಂಡು ಹೋಗ್ಬಹುದು ಕಣಮ್ಮ" ಎಂದು ಗಂಭೀರವಾಗಿ ಉತ್ತರ ಕೊಡುವರು. ಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದರು. ಬರೆಯುವ ಕೈಯಲ್ಲೇ ಟೈಮು ಇದ್ದರೆ ಕಣ್ಣು ಆಚೆ ಈಚೆ ಹೋಗಲ್ಲವಂತೆ. ಅವರ ಹೆಂಡತಿ ನಮ್ಮೆದುರಿಗೇ, "ನಮ್ಮನೇಲಿ ಇಡ್ಲಿನೂ ಇವ್ರಿಗೆ ಹೆದ್ರಿ ಟೈಮಿಗೆ ಸರ್ಯಾಗಿ ಬೇಯ್ತವೆ" ಎಂದು ನಗುತ್ತಿದ್ದರು. ಅವರೂ ನಗುವರು, ಆದರೆ ಇಡ್ಲಿ ಮಾತ್ರ ಏಳೂವರೆಗೇ ಬೇಕು.

ಇಂಥವರು ಸೈಕಲ್ಲಿನ ಸಹವಾಸಕ್ಕೆ ಬಂದದ್ದು ಒಂದು ಟೀ ಅಂಗಡಿಯಲ್ಲಿ. ನಮ್ಮದು ಹದಿನೈದು ಇಪ್ಪತ್ತು ಜನರ ಸೈಕಲ್ ಗುಂಪು. ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ಕಾಲೇಜು ಲೆಕ್ಚರರು, ಫ್ಯಾಕ್ಟರಿ ಕೆಲಸದವರು, ಒಬ್ಬ ಹಾರ್ಡ್‌ವೇರ್ ಅಂಗಡಿಯವರು, ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತೆಯಾದ ನಾನು. ದೂರದ ಸವಾರಿ ಮಾಡುವುದು ನಮ್ಮ ಹುಚ್ಚು. ಇನ್ನೂರು, ಮುನ್ನೂರು, ನಾನ್ನೂರು, ಆರುನೂರು ಕಿಲೋಮೀಟರು. ಇದರಲ್ಲಿ ಮೊದಲನೆಯವರು, ಎರಡನೆಯವರು ಅಂತ ಇಲ್ಲ. ಕೊಟ್ಟ ಟೈಮಿನೊಳಗೆ ಮುಗಿಸಬೇಕು, ಅಷ್ಟೆ. ದಾರಿಯಲ್ಲಿ ಅಲ್ಲಲ್ಲಿ ಚೆಕ್‌ಪಾಯಿಂಟು ಇರುತ್ತದೆ. ಪ್ರತಿಯೊಂದೂ ಒಂದು ಹೊತ್ತಿಗೆ ತೆರೆಯುತ್ತದೆ, ಒಂದು ಹೊತ್ತಿಗೆ ಮುಚ್ಚುತ್ತದೆ. ಮುಚ್ಚುವುದರೊಳಗೆ ಅಲ್ಲಿ ಮುಟ್ಟಿ ಕಾರ್ಡಿನಲ್ಲಿ ಟೈಮು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಬೇಕು. ಒಂದು ಕಡೆ ತಪ್ಪಿದರೂ ಅವತ್ತಿನ ಸವಾರಿ ಅಲ್ಲಿಗೆ ಮುಗಿಯಿತು.

ಆವತ್ತು ಟೀ ಅಂಗಡಿಯಲ್ಲಿ ನಾವು ಜಗಳವಾಡುತ್ತಿದ್ದದ್ದು ಎಂಬತ್ತೇಳನೇ ಕಿಲೋಮೀಟರಿನ ಚೆಕ್‌ಪಾಯಿಂಟು ಎಷ್ಟು ಹೊತ್ತಿಗೆ ಮುಚ್ಚಬೇಕು ಎಂದು. ಗಂಟೆಗೆ ಹದಿನೈದು ಕಿಲೋಮೀಟರಿನ ಲೆಕ್ಕ. ಲೆಕ್ಚರರು ಮೊಬೈಲಿನಲ್ಲಿ ಭಾಗಿಸಿದರೆ ಐದು ಪಾಯಿಂಟ್ ಎಂಟು ಬಂತು. ಐದು ಗಂಟೆ ಎಂಬತ್ತು ನಿಮಿಷ, ಹಾಗಾದರೆ ಆರು ಇಪ್ಪತ್ತು ಎಂದು ಡಾಕ್ಟರು ಘೋಷಿಸಿಬಿಟ್ಟರು. ಪಕ್ಕದ ಬೆಂಚಿನಲ್ಲಿ ಪೇಪರು ಓದುತ್ತಿದ್ದ ಸಣ್ಣ ಕಾಯದ ಮನುಷ್ಯ ತಲೆ ಎತ್ತದೆಯೇ, "ಐದು ನಲವತ್ತೆಂಟು" ಅಂದರು. ನಾವು ತಿರುಗಿ ನೋಡಿದೆವು. "ಹದಿನೈದ್ರಿಂದ ಭಾಗ್ಸುದ್ರೆ ಹಿಂಗೇ ಆಗೋದು. ಕಿಲೋಮೀಟ್ರಿಗೆ ನಾಲ್ಕು ನಿಮಿಷ. ಗುಣುಸ್ಕಳ್ರಪ್ಪ, ಮುಗೀತು." ಅಷ್ಟು ಹೇಳಿ ಮತ್ತೆ ಪೇಪರಿಗೆ ಹೋದರು. ಮುಂದಿನ ಸವಾರಿಯ ಹೊತ್ತಿಗೆ ನಮ್ಮ ಟೈಮಿನ ಪಟ್ಟಿ ಬರೆಯುವ, ಚೆಕ್‌ಪಾಯಿಂಟಿನಲ್ಲಿ ಕೂತು ಸಹಿ ಹಾಕುವ ಕೆಲಸ ಅವರದಾಗಿತ್ತು.

ಆ ಪಟ್ಟಿಗಳನ್ನು ಅವರು ಹಳೆಯ ಲಗ್ನಪತ್ರಿಕೆಗಳ ಹಿಂದೆ ಬರೆಯುತ್ತಿದ್ದರು. ಮುಂದುಗಡೆ ಗಣಪತಿ, ವಧೂವರರ ಹೆಸರು, ಮುಹೂರ್ತ. ಹಿಂದುಗಡೆ ಸ್ಕೇಲಿಟ್ಟು ಎಳೆದ ಮೂರು ಕಲಂ: ಎಷ್ಟನೇ ಕಿಲೋಮೀಟರು, ತೆರೆಯುವುದು, ಮುಚ್ಚುವುದು. ಕೂಡಿಸುವಾಗ ಉಳಿಯುವ ಸೆಕೆಂಡುಗಳನ್ನು ಬಿಸಾಡುತ್ತಿರಲಿಲ್ಲ, ಮುಂದಿನ ನಿಮಿಷಕ್ಕೆ ಏರಿಸಿಬಿಡುವರು. "ಚೂರುಪಾರು ಉಳಿದಿದ್ದು ತುಳಿಯೋರ್ಗೆ" ಎನ್ನುವುದು ಅವರ ಕಾನೂನು. ಜನ ಅವರನ್ನು ಕಟುಕ ಎನ್ನುತ್ತಿದ್ದರು. ನಾನೂ ಅಂದಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಈ ಚೂರುಪಾರಿನ ವಿಷಯ ಹಾಗೆ ಅಂದವರಿಗೆ ಗೊತ್ತಿರಲಿಲ್ಲ.

ಬೇಗ ಬಂದವರಿಗೂ ಅವರ ಹತ್ತಿರ ಮರ್ಯಾದೆಯಿರಲಿಲ್ಲ. ನಮ್ಮ ಲೆಕ್ಚರರಲ್ಲಿ ಒಬ್ಬರು ಬಿರುಗಾಳಿಯಂಥ ಸವಾರ. ಒಂದು ಸಲ ಚೆಕ್‌ಪಾಯಿಂಟು ತೆರೆಯುವುದಕ್ಕೆ ಹನ್ನೊಂದು ನಿಮಿಷ ಮೊದಲೇ ಬಂದು ಕಾರ್ಡು ಚಾಚಿದರು. "ಇನ್ನೂ ಬಾಗ್ಲು ತೆಗ್ದಿಲ್ಲ ಸಾರ್" ಅಂದರು ಇವರು. ಬಾಗಿಲೆಲ್ಲಿ ಬಂತು? ಹುಣಸೆಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಇವರು. ಲೆಕ್ಚರರು ಕೆಂಡವಾದರು. ಇವರು ಅವರನ್ನು ಪಕ್ಕದ ಹೋಟೆಲಿಗೆ ಕಳಿಸಿ, ಇಡ್ಲಿ ತಿನ್ನಿಸಿ, ಹನ್ನೊಂದು ನಿಮಿಷ ಕಳೆದ ಮೇಲೆ ನಗುತ್ತಾ ಸಹಿ ಹಾಕಿದರು.

ಅವರದು ಇನ್ನೊಂದು ಹಠವಿತ್ತು. ಕಣ್ಣಾರೆ ಕಂಡ ಟೈಮನ್ನು ಮಾತ್ರ ಬರೆಯುವುದು. ಬಸ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು, ಸಾರ್ ನಾನು ಆಗಲೇ ಬಂದೆ, ಗೇಟಿನ ಹತ್ರ ಜಾಮ್ ಇತ್ತು, ಹತ್ತು ನಿಮಿಷ ಹಿಂದೆ ಹಾಕ್ಕಳಿ ಎಂದು ಗೋಗರೆದರೂ ಹಾಕಿದವರಲ್ಲ. "ನೋಡಿದ್ದು ಬರೀತೀನಿ. ಕೇಳಿದ್ದು ಬರೆಯಲ್ಲ." ಅದಕ್ಕೇ ಅವರಿಗೆ ಡಿಪೋದಲ್ಲಿ ಗೆಳೆಯರು ಕಡಿಮೆ ಎಂದು ಅವರ ಹೆಂಡತಿ ಒಮ್ಮೆ ಹೇಳಿದ್ದರು.

ಈಗ ನನ್ನ ವಿಷಯ. ನಮ್ಮಮ್ಮ ನನ್ನನ್ನು ಮುಕ್ಕಾಲು ಎಂದು ಕರೆಯುತ್ತಿದ್ದರು. ಟೈಪಿಂಗ್ ಕಲಿಯಲು ಹೋಗಿ ಪರೀಕ್ಷೆಗೆ ಕೂರಲಿಲ್ಲ. ಕಾಲೇಜು ಕೊನೆಯ ವರ್ಷದಲ್ಲಿ ಬಿಟ್ಟೆ. ಹೊಲಿಗೆ ಮಿಷನ್ನಿನಲ್ಲಿ ಒಂದು ತೋಳಿಲ್ಲದ ರವಿಕೆ ಎಷ್ಟೋ ವರ್ಷ ಸಿಕ್ಕಿಕೊಂಡಿತ್ತು. "ನಮ್ಮುಡ್ಗಿ ಎಲ್ಲಾನೂ ಮುಕ್ಕಾಲು ಮಾಡ್ತಾಳೆ" ಎಂದು ಶೆಟ್ಟಿಹಳ್ಳಿಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ತಮಾಷೆಗೇ ಹೇಳುತ್ತಿದ್ದದ್ದು, ಆದರೆ ನನಗೆ ಚುಚ್ಚುತ್ತಿತ್ತು. ಸೈಕಲ್ಲಿನಲ್ಲಿ ಒಂದೇ ವರ್ಷದಲ್ಲಿ ಇನ್ನೂರು, ಮುನ್ನೂರು, ನಾನ್ನೂರು, ಆರುನೂರು ನಾಲ್ಕನ್ನೂ ಮುಗಿಸಿದವರಿಗೆ ಒಂದು ಪದಕವಿದೆ. ಆ ವರ್ಷ ನಾನು ದೊಡ್ಡ ಮೂರನ್ನೂ ಮುಗಿಸಿದ್ದೆ. ಶುರುವಿನ ಇನ್ನೂರು ಮಾತ್ರ ಅಮ್ಮನ ಕಾಯಿಲೆಯಿಂದ ತಪ್ಪಿಹೋಗಿತ್ತು. ಉಳಿದದ್ದು ಆ ವರ್ಷದ ಕೊನೆಯ ಇನ್ನೂರು. ಅದೂ ತಪ್ಪಿದರೆ ನಾಲ್ಕರಲ್ಲಿ ಮೂರು. ಮತ್ತೆ ಮುಕ್ಕಾಲು.

ಬೆಳಿಗ್ಗೆ ಆರಕ್ಕೆ ತುಮಕೂರಿನಿಂದ ಹೊರಟೆವು. ಗುಬ್ಬಿ, ನಿಟ್ಟೂರು, ತಿಪಟೂರು, ತುರುವೇಕೆರೆ, ಅಲ್ಲಿಂದ ಸುತ್ತುಬಳಸಿ ಕುಣಿಗಲ್, ವಾಪಸ್ ತುಮಕೂರು. ಆ ಸಲ ಮೊದಲನೇ ಚೆಕ್‌ಪಾಯಿಂಟನ್ನು ಮೂವತ್ತನೇ ಕಿಲೋಮೀಟರಿಗೇ, ನಿಟ್ಟೂರಿನಲ್ಲಿ ಇಟ್ಟಿದ್ದರು. ಯಾವಾಗಲೂ ಎಪ್ಪತ್ತು ದಾಟಿದ ಮೇಲೆ ಇಡುತ್ತಿದ್ದದ್ದು. ಗುಬ್ಬಿ ದಾಟುತ್ತಿದ್ದಂತೆ ನನ್ನ ಹಿಂದಿನ ಟೈರು ಪಂಕ್ಚರ್. ಟ್ಯೂಬು ಬದಲಿಸಿದೆ, ಪಂಪು ಕೈಕೊಟ್ಟಿತು. ಹಾಲಿನ ಡೈರಿಯ ಮುಂದೆ ಯಾರದೋ ಪಂಪು ಬೇಡಿ ಗಾಳಿ ತುಂಬಿಸಿಕೊಂಡು ಹಲ್ಲು ಕಚ್ಚಿ ತುಳಿದು ನಿಟ್ಟೂರು ಮುಟ್ಟಿದಾಗ ಎಂಟು ಹನ್ನೊಂದು.

ಅವರು ಕುರ್ಚಿ ಮಡಿಸುತ್ತಿದ್ದರು. ಮೂವತ್ತು ಕಿಲೋಮೀಟರು, ನಾಲ್ಕರಿಂದ ಗುಣಿಸಿದರೆ ನೂರಿಪ್ಪತ್ತು ನಿಮಿಷ.

"ಎಂಟಕ್ಕೆ ಮುಚ್ಚಾಯ್ತು ಕಣಮ್ಮ."

"ಪಂಕ್ಚರ್ ಆಯ್ತು ಸಾರ್. ಇನ್ನೂ ನೂರೆಪ್ಪತ್ತು ಕಿಲೋಮೀಟ್ರು ಐತೆ, ಈ ಹನ್ನೊಂದು ನಿಮಿಷ ನಾನು ಎಲ್ಲಾದ್ರೂ ಹೊಂದುಸ್ಕತೀನಿ. ಸಹಿ ಹಾಕಿ ಸಾರ್."

"ನೋಡಿದ್ದು ಎಂಟು ಹನ್ನೊಂದು. ಎಂಟು ಅಂತ ಹೆಂಗೆ ಬರೀಲಿ, ನೀನೇ ಹೇಳು."

ನಾನು ಬೇಡಿಕೊಂಡೆ. ಆಮೇಲೆ ಅತ್ತೆ. ಆಮೇಲೆ ನನ್ನ ಬುದ್ಧಿ ಕೆಟ್ಟಿತು. "ಬಸ್ ಸ್ಟ್ಯಾಂಡ್ ಬುದ್ಧಿ ನಿಮ್ಮನ್ನ ಬಿಡಲ್ಲ. ನೀವು ಮನುಷ್ಯರಲ್ಲ ಸಾರ್, ಕಟುಕ್ರು" ಎಂದು ಟೀ ಕುಡಿಯುತ್ತಿದ್ದವರೆಲ್ಲ ಕೇಳುವಂತೆ ಕಿರುಚಿದೆ. ಅವರು ನನ್ನ ಬಾಟಲಿ ತೆಗೆದುಕೊಂಡು ನೀರು ತುಂಬಿಸಿ ಸೈಕಲ್ಲಿಗೆ ಸಿಕ್ಕಿಸಿದರು. ನಾನು ಮೂವತ್ತು ಕಿಲೋಮೀಟರು ಅಳುತ್ತಾ ವಾಪಸ್ಸು ತುಳಿದೆ. ಮನೆಯಲ್ಲಿ ಅಮ್ಮ ಮುಖ ನೋಡಿ ಏನನ್ನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಮಂಗಳವಾರ ಬೆಳಿಗ್ಗೆ ಆಫೀಸಿನಲ್ಲಿ ಆಗಷ್ಟೇ ಕೂತಿದ್ದೆ. ಪಹಣಿಗೆ ನಿಂತ ಜನರ ಸಾಲಿನಲ್ಲಿ ಅವರೂ ನಿಂತಿದ್ದರು. ನೇರವಾಗಿ ಒಳಗೆ ಬರಬಹುದಿತ್ತು. ಸಾಲು ಕರಗುವವರೆಗೂ ನಿಂತು, ತಮ್ಮ ಸರದಿ ಬಂದಾಗ ಕಿಟಕಿಯೊಳಗೆ ಒಂದು ಲಗ್ನಪತ್ರಿಕೆ, ಒಂದು ಜೆರಾಕ್ಸ್ ಹಾಳೆ ತೂರಿಸಿದರು.

"ತಪ್ಪು ನಂದು ಕಣಮ್ಮ. ನಿಟ್ಟೂರು ಎಂಟೂವರೆವರ್ಗೂ ತೆರ್ದಿರ್ಬೇಕಿತ್ತು."

ಹಾಳೆಯಲ್ಲಿ ಸವಾರಿಯ ನಿಯಮಗಳಿದ್ದವು. ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದರು. ಮೊದಲ ಅರವತ್ತು ಕಿಲೋಮೀಟರಿನೊಳಗೆ ಬರುವ ಚೆಕ್‌ಪಾಯಿಂಟಿಗೆ ಲೆಕ್ಕವೇ ಬೇರೆ. ಕಿಲೋಮೀಟರಿಗೆ ಮೂರೇ ನಿಮಿಷ, ಆದರೆ ಅದರ ಮೇಲೆ ಇಡೀ ಒಂದು ಗಂಟೆ ಸೇರಿಸಬೇಕು. ಶುರುವಿನಲ್ಲೇ ಪಂಕ್ಚರಾದವರು ಹೊರಬೀಳದಿರಲಿ ಎಂಬ ರಿಯಾಯಿತಿ. ಅರವತ್ತು ಮುಟ್ಟುವ ಹೊತ್ತಿಗೆ ಎರಡು ಲೆಕ್ಕವೂ ಒಂದೇ ಆಗುತ್ತದೆ. ಅದಕ್ಕೇ ಇಷ್ಟು ವರ್ಷ ಈ ತಪ್ಪು ಯಾರಿಗೂ ಕಾಣಿಸಿರಲಿಲ್ಲ. ಮೂವತ್ತನೇ ಕಿಲೋಮೀಟರಿಗೆ ಎರಡೂವರೆ ಗಂಟೆ ಸಿಗಬೇಕಿತ್ತು. ನನಗೆ ಸಿಕ್ಕಿದ್ದು ಎರಡು.

"ಆ ಸಾಲು ನಾನು ಓದಿದ್ದೆ" ಅಂದರು. "ಮೊದಲ್ನೇ ಸ್ಟಾಪಿಗೇ ಲೇಟಾದ ಬಸ್ಸಿಗೆ ಯಾರಾದ್ರೂ ರಿಯಾಯ್ತಿ ಕೊಡ್ತಾರಾ, ಇದು ಬೇರೆ ಯಾವ್ದೋ ಸವಾರಿದಿರ್ಬೇಕು ಅಂತ ಬಿಟ್ಬಿಟ್ಟೆ. ನೀನು ಅತ್ಕಂಡು ಹೋದ್ಮೇಲೆ ನಿದ್ದೆ ಬರ್ಲಿಲ್ಲ. ಮತ್ತೆ ತೆಗ್ದು ಓದ್ದೆ."

ಅವರು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುಂಪಿನಲ್ಲಿ ಆ ಹಾಳೆಯನ್ನು ಓದಿದವರೇ ಅವರೊಬ್ಬರು. ಆದರೂ ನನಗೆ ಸಿಟ್ಟೇ ಬಂದದ್ದು. "ಈಗ ಹೇಳಿ ಏನ್ ಪ್ರಯೋಜನ ಸಾರ್?" ಎಂದು ಜನರೆದುರಿಗೇ ಕೇಳಿಬಿಟ್ಟೆ.

"ಪ್ರಯೋಜ್ನ ಐತೆ. ಬರೋ ಭಾನ್ವಾರ ಆರು ಗಂಟೆಗೆ ಬಾ. ಅದೇ ರೂಟು. ಮೇಲಿನೋರ್ನೆಲ್ಲ ಕೇಳಿ ಒಪ್ಸಿದೀನಿ. ಒಬ್ಳೇ ತುಳೀಬೇಕು, ಆಗುತ್ತಾ?"

ಬೇರೆ ಯಾರೂ ಚೆಕ್‌ಪಾಯಿಂಟಿಗೆ ಕೂರಲು ಸಿಗಲಿಲ್ಲ. ಎಲ್ಲ ಕಡೆಯೂ ಅವರೇ ಕೂತರು. ಹೇಗೆಂದರೆ, ಬಸ್ಸಿನಲ್ಲಿ. ಆರಕ್ಕೆ ತುಮಕೂರಿನಲ್ಲಿ ನನ್ನ ಕಾರ್ಡಿಗೆ ಸಹಿ ಹಾಕಿ, ಬಸ್ಸು ಹತ್ತಿ ನಿಟ್ಟೂರಿನಲ್ಲಿಳಿದು ನನಗಾಗಿ ಕಾದರು. ನನ್ನನ್ನು ಮುಂದೆ ಕಳಿಸಿ ಇನ್ನೊಂದು ಬಸ್ಸು ಹತ್ತಿ ನನ್ನನ್ನು ದಾಟಿಕೊಂಡು ತಿಪಟೂರಿಗೆ ಹೋದರು. ದಾಟುವಾಗ ಕಿಟಕಿಯಿಂದ ಬಲಗೈ ಹೊರಗೆ ಚಾಚಿ ಗಡಿಯಾರ ತೋರಿಸಿದರು. ನಗು ಬಂತು ನನಗೆ, ಅಷ್ಟು ಸಿಟ್ಟಿನಲ್ಲೂ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂಬುದು ಅವರಿಗೆ ಬಾಯಿಪಾಠ. ತುರುವೇಕೆರೆಯಲ್ಲಿ ಕಾಯುತ್ತಿದ್ದಾಗ ಹೋಟೆಲಿನಿಂದ ನನಗೆ ಮೊಸರನ್ನ ಕಟ್ಟಿಸಿ ಇಟ್ಟಿದ್ದರು. "ಕುಣಿಗಲ್ಲು ನೂರರವತ್ತನೇ ಕಿಲೋಮೀಟ್ರು. ನಾಲ್ಕು ನಲವತ್ತಕ್ಕೆ ಮುಚ್ಚುತ್ತೆ. ಬಿಸ್ಲು ಐತೆ, ಹುಷಾರು" ಎಂದು ಕಳಿಸಿದರು.

ಆ ಅರವತ್ತು ಕಿಲೋಮೀಟರು ನನ್ನನ್ನು ಹಣ್ಣು ಮಾಡಿತು. ಎದುರುಗಾಳಿ, ತೊಡೆಯಲ್ಲಿ ಸೆಳೆತ. ಎರಡು ಸಲ ಇಳಿದು ರಸ್ತೆ ಪಕ್ಕ ಕಾಲು ಚಾಚಿ ಕೂತೆ. ಕುಣಿಗಲ್ ಬಸ್ ಸ್ಟ್ಯಾಂಡಿನ ಮುಂದಿನ ಬೇಕರಿಗೆ ಬಂದು ಸೈಕಲ್ಲು ಒರಗಿಸಿ ಗಡಿಯಾರ ನೋಡಿದೆ. ನಾಲ್ಕು ನಲವತ್ನಾಲ್ಕು. ನಾಲ್ಕು ನಿಮಿಷ ತಡ. ಇನ್ನೊಂದೇ ಕಿಲೋಮೀಟರಿನಷ್ಟು ಬೇಗ ಬಂದಿದ್ದರೆ ಸಾಕಿತ್ತು.

ಆದರೆ ಅವರೂ ಇರಲಿಲ್ಲ.

ಟೀ ಹೇಳಿ ಕೂತೆ. ಐದಾರು ನಿಮಿಷಕ್ಕೆ ಒಂದು ಬಸ್ಸು ಬಂತು. ಅದು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿಬಂದರು. ಆ ವಯಸ್ಸಿನಲ್ಲಿ ಅವರು ಓಡುವುದನ್ನು ನಾನು ನೋಡಿದ್ದು ಅದೊಂದೇ ಸಲ. "ತುರುವೇಕೆರೆಯಿಂದ ಎರಡು ಗಂಟೆ ಬಸ್ಸು ಭಾನ್ವಾರ ಇಲ್ವಂತೆ. ನಾನಿದ್ದಾಗ ಇತ್ತು. ನಿಲ್ಸಿ ಎರಡು ವರ್ಷ ಆಯ್ತಂತೆ" ಎಂದು ಏದುಸಿರು ಬಿಡುತ್ತಾ ಹೇಳಿದರು. ಮುಖ ಪೂರ್ತಿ ಬಾಡಿತ್ತು. ಫೋನು ಮಾಡುವಂತೆಯೂ ಇರಲಿಲ್ಲ. ಸವಾರಿಯ ದಿನ ಮೊಬೈಲು ಮನೆಯಲ್ಲೇ ಬಿಟ್ಟು ಬರುತ್ತಿದ್ದರು, ರೋಡಿನಲ್ಲಿರುವವರಿಗೆ ಫೋನು ಮಾಡಿದರೆ ಕೈಬಿಟ್ಟು ಬೀಳುತ್ತಾರೆ ಎಂದು ಅವರ ವಾದ. ಕುರ್ಚಿಗೆ ಕೂತು, ಪೆನ್ನು ತೆಗೆದು, ಕಾರ್ಡಿನ ಮೇಲೆ ಕೈ ಇಟ್ಟರು. ಆಮೇಲೆ ಕೇಳಿದರು.

"ನೀನು ಎಷ್ಟೊತ್ತಿಗೆ ಬಂದೆ?"

"ನಾಲ್ಕೂವರೆಗೆ" ಅಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಗಾಬರಿಯಾಯಿತು. ಅವರು ನನ್ನ ಮುಖ ನೋಡಿದರು. ಮೇಜಿನ ಮೇಲಿದ್ದ ಟೀ ಗ್ಲಾಸು ನೋಡಿದರು. ಆಮೇಲೆ ನಿಧಾನವಾಗಿ ನಾಲ್ಕು ಮೂವತ್ತು ಎಂದು ಬರೆದು ಸಹಿ ಹಾಕಿದರು. ಅಷ್ಟು ವರ್ಷದ ಕೆಲಸದಲ್ಲಿ ಕೇಳಿ ಬರೆದದ್ದು ಅದೊಂದೇ ಇರಬೇಕು. "ಹೊರಡು, ಕೊನೇಲಿ ಹತ್ತು ನಿಮಿಷ ಜಾಸ್ತಿ ಕೊಡ್ತಾರೆ, ಏಳೂವರೆವರ್ಗೂ ಟೈಮ್ ಐತೆ" ಅಂದರು. ನಾನು ಏಳು ಹದಿನೆಂಟಕ್ಕೆ ತುಮಕೂರು ಮುಟ್ಟಿದೆ.

ಪದಕ ಬಂತು. ಅಮ್ಮ ಅದನ್ನು ಬೀದಿಯವರಿಗೆಲ್ಲ ತೋರಿಸಿ, ಮುಕ್ಕಾಲು ಎಂದು ಕರೆಯುವುದನ್ನು ಬಿಟ್ಟರು. ನನಗೆ ಮಾತ್ರ ಅದನ್ನು ಗೋಡೆಗೆ ನೇತುಹಾಕಲು ಆಗಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಮೂರು ತಿಂಗಳು ಅವರ ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ತಮ್ಮ ತಪ್ಪು ಹೇಳಿಕೊಳ್ಳಲು ಪಹಣಿಯ ಸಾಲಿನಲ್ಲಿ ನಿಂತ ಮನುಷ್ಯನಿಗೆ ನಾನು ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಿದ್ದೆ. ನಾಚಿಕೆಯಾಗುತ್ತಿತ್ತು, ಬೇರೆ ಮಾತಿಲ್ಲ.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಪದಕವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಉಪ್ಪಾರಹಳ್ಳಿಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ನನ್ನ ಮುಂದೆಯೂ ಒಂದು ಗುಡ್ಡೆ ಸುರಿದರು. ಹೆಂಡತಿ ಕಾಫಿಗೆಂದು ಒಳಗೆ ಹೋದಾಗ ಪದಕವನ್ನು ಮೊರದ ಪಕ್ಕ ಇಟ್ಟೆ.

"ಸಾರ್, ಕುಣಿಗಲ್ಲಿಗೆ ನಾನು ಬಂದಿದ್ದು ನಾಲ್ಕು ನಲವತ್ನಾಲ್ಕಕ್ಕೆ. ನಾಲ್ಕು ನಿಮಿಷ ಲೇಟು."

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಿನ್ ಟೀ ಇನ್ನೂ ಹೊಗೆ ಆಡ್ತಿತ್ತು ಕಣಮ್ಮ. ಅರ್ಧನೂ ಕುಡ್ದಿರ್ಲಿಲ್ಲ. ನಾಲ್ಕೂವರೆಗೆ ಬಂದೋಳಿಗೆ ಅಷ್ಟೊತ್ತು ಬಿಸಿ ಎಲ್ಲಿರುತ್ತೆ?"

"ಗೊತ್ತಿದ್ದೂ ಬರುದ್ರಾ? ನೋಡಿದ್ದು ಮಾತ್ರ ಬರೀತೀನಿ ಅಂತಿದ್ರಲ್ಲ ಸಾರ್!"

"ನೋಡ್ದೆನಲ್ಲ. ನಿನ್ ಕಾಲು ನಡುಗ್ತಿದ್ದಿದ್ದು ನೋಡ್ದೆ." ಕಾಳನ್ನು ಬೋಸಿಗೆ ಹಾಕಿ ಕೈ ಒರೆಸಿಕೊಂಡರು. "ನಿಟ್ಟೂರಲ್ಲಿ ನಿನ್ ಅರ್ಧ ಗಂಟೆ ನಾನು ಕಿತ್ಕಂಡಿದ್ದೆ. ಅದ್ರಲ್ಲಿ ನಾಲ್ಕು ನಿಮಿಷ ನೀನು ಕುಣಿಗಲ್ಲಲ್ಲಿ ತಗಂಡೆ. ಇನ್ನೂ ಇಪ್ಪತ್ತಾರು ನಿಮಿಷ ನನ್ ಹತ್ರನೇ ಐತೆ. ಬೇಕಾದಾಗ ತಗ. ಈಗ ಅದನ್ನ ಒಳಗಿಟ್ಕ, ಸೊಗಡು ಹತ್ತುತ್ತೆ."

ಪದಕವನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ಹಾಕಿದೆ. ಅವರು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನದು ತಪ್ಪು ಎಂಬುದು ಗೊತ್ತು. ಮನೆಗೆ ಬಂದು ಅದನ್ನು ಗೋಡೆಗೆ ನೇತುಹಾಕಿದೆ. ಆಮೇಲೆ ಅವರ ಪಕ್ಕ ಕೂತು ಟೈಮಿನ ಪಟ್ಟಿ ಬರೆಯುವುದನ್ನು ಕಲಿತೆ. ಕಣ್ಣು ಮಂಜಾದ ಮೇಲೆ ಅವರು ಬಾಯಲ್ಲಿ ಹೇಳುವರು, ನಾನು ಲಗ್ನಪತ್ರಿಕೆಗಳ ಹಿಂದೆ ಬರೆಯುವೆ. ಮೊದಲ ಅರವತ್ತು ಕಿಲೋಮೀಟರಿನದು ಬಂದಾಗ ಪ್ರತಿ ಸಲವೂ ಕೆಮ್ಮಿ, "ಒಂದು ಗಂಟೆ ಸೇರುಸ್ದ್ಯಾ?" ಎಂದು ಕೇಳುವರು.

ಕುಣಿಗಲ್ಲಿನಿಂದ ಹತ್ತಿದ ಬಸ್ಸು ಹೆಬ್ಬೂರಿನಲ್ಲಿ ಬಹಳ ಹೊತ್ತು ನಿಂತಿತು. ತುಮಕೂರು ಮುಟ್ಟುವಾಗಲೇ ಹನ್ನೊಂದಾಗಿತ್ತು. ಆಟೋದವರಿಗೆ ಬೇಗ ಬೇಗ ಎಂದು ಹೇಳುವುದನ್ನೂ ಬಿಟ್ಟೆ. ಹನ್ನೊಂದು ಎಂದರೆ ಆ ಮನೆಯಲ್ಲಿ ಹನ್ನೊಂದೇ, ಹೊರಟಿರುತ್ತಾರೆ. ಬೀದಿಯ ತಿರುವಿನಲ್ಲಿ ಇಳಿದು ನೋಡಿದರೆ ಮನೆ ಮುಂದೆ ಇನ್ನೂ ಜನ ನಿಂತಿದ್ದರು. ಅಂಗಳದಲ್ಲಿ ಬೆಂಚಿನ ಮೇಲೆ ಅವರಿದ್ದರು. ಹಾರಗಳ ನಡುವೆ ಮುಖ ಇನ್ನೂ ಸಣ್ಣದಾಗಿ ಕಾಣುತ್ತಿತ್ತು. ಬಲಗೈಯ ಗಡಿಯಾರ ಬಿಚ್ಚಿದ್ದರು, ಆ ಜಾಗದಲ್ಲಿ ಬೆಳ್ಳಗೆ ಪಟ್ಟಿಯ ಗುರುತು.

ಅವರ ಮಗ ಹತ್ತಿರ ಬಂದ. "ವ್ಯಾನ್ ಇನ್ನೂ ಬಂದಿಲ್ಲ ಕಣಕ್ಕ. ಹನ್ನೊಂದಕ್ಕೆ ಕರೆಕ್ಟಾಗಿ ಬರ್ತೀನಿ ಅಂದಿದ್ದ. ಅಪ್ಪ ಇದ್ದಿದ್ರೆ ಆ ಡ್ರೈವರ್‌ಗೆ ಗ್ರಹಚಾರ ಬಿಡ್ಸೋರು."

ನಾನು ನನ್ನ ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ನಾಲ್ಕು.

ನನ್ನ ಇಪ್ಪತ್ತಾರರಲ್ಲಿ ಇನ್ನೂ ಎರಡು ನಿಮಿಷವಿತ್ತು. ಆ ಎರಡು ನಿಮಿಷ ಅವರ ಕಾಲು ಹಿಡಿದುಕೊಂಡು ನಿಂತೆ. ಆಮೇಲೆ ಬೀದಿಯ ತುದಿಯಲ್ಲಿ ವ್ಯಾನಿನ ಹಾರನ್ನು ಕೇಳಿಸಿತು.